ನಾನೇ ಹಾಕಿದೆ, ನಾನೇ ಮುಟ್ಟಿ ನೋಡಿದೆ

ಆ ಶನಿವಾರ ಸಂಜೆ ದುವಾನ್‌ನ ತಟ್ಟೆಗೆ ಬೇಕೂಂತಲೇ ಸೀದುಹೋದ ಅರೇಪಾ, ಅಂದರೆ ಮುಸುಕಿನ ಜೋಳದ ದಪ್ಪ ರೊಟ್ಟಿ, ಹಾಕಿದೆ. ಕಾವಲಿ ಮೇಲೆ ಹದವಾಗಿ ಬೆಂದವು ಇನ್ನೂ ಇದ್ದವು, ಅವನಿಗೂ ಕಾಣಿಸುತ್ತಿದ್ದವು. ಹುಡುಗ ಕರಿ ಕೆರೆದು ಕೆರೆದು ತಿಂದ. ಹುಡುಗ ಅಂತೀನಿ, ಮದುವೆಯಾದ ಗಂಡಸು ಅವನು. ನಾನು ಅವನ ಸೋದರತ್ತೆ. ತಾಯಿ ತೀರಿಹೋದ ಮೇಲೆ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು, ಹಾಗಾಗಿ ಅವನಿಗೆ ಅನ್ನ ಹಾಕೋ ಹಕ್ಕೂ ಕರಕಲು ಹಾಕೋ ಹಕ್ಕೂ ನನ್ನದೇ ಅಂದುಕೊಂಡಿದ್ದೆ.

ಅವತ್ತು ಬೆಳಿಗ್ಗೆ ದಿಣ್ಣೆಯ ಮೇಲೆ ನಡೆದದ್ದು ಮಧ್ಯಾಹ್ನದೊಳಗೆ ಇಡೀ ಸಾನ್ ಆಂತೆಲ್ಮೊ ಊರಿಗೇ ಗೊತ್ತಾಗಿತ್ತು. ದುವಾನ್‌ನ ಅಪ್ಪ, ಅಂದರೆ ನಮ್ಮಣ್ಣ ಎವೇಲಿಯೊ, ಪೆರೇರಾದಿಂದ ಬಂದ ಒಬ್ಬ ಹೆಂಗಸನ್ನು ಮುಂದೆ ಕಟ್ಟಿಕೊಂಡು ಪ್ಯಾರಾಗ್ಲೈಡರಿನಲ್ಲಿ ಹಾರಿದ. ಆಕೆ ಹೊಲಿಗೆ ಅಂಗಡಿ ಇಟ್ಟುಕೊಂಡವಳಂತೆ. ಐವತ್ತು ತುಂಬಿತು ಅಂತ ಅಕ್ಕತಂಗಿಯರು ಕೈಯಿಂದ ದುಡ್ಡು ಹಾಕಿ ಕರೆತಂದಿದ್ದರು. ಕಾಲು ನೆಲ ಬಿಟ್ಟಿದ್ದೇ ತಡ, ಆಕೆ ಪಟ್ಟಿಗಳೊಳಗಿಂದ ಕೆಳಕ್ಕೆ ಜಾರಿದಳು. ಎದೆಪಟ್ಟಿ ಹಾಕಿತ್ತು, ಕಾಲುಪಟ್ಟಿ ಎರಡೂ ಹಾಕಿರಲಿಲ್ಲ. ಕಂಕುಳಲ್ಲಿ ನೇತಾಡುತ್ತಿದ್ದವಳನ್ನು ಅಣ್ಣ ಎರಡೂ ಕಾಲುಗಳಿಂದ ಅವುಚಿ ಹಿಡಿದುಕೊಂಡು, ಕೆಳಗಿನ ಕಾಫಿತೋಟದ ಇಳಿಜಾರಿನಲ್ಲಿ ಹೇಗೋ ರೆಕ್ಕೆ ಇಳಿಸಿದ. ಆಕೆಯ ಕಣಕಾಲು ಮುರಿಯಿತು. ಜೀವ ಉಳಿಯಿತು.

ಕಾಲುಪಟ್ಟಿ ಅನ್ನೋ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತೇನೆ. ನನ್ನ ಗಂಡ ಓಸಿಯೆಲ್ ಸತ್ತದ್ದು ಅದರಿಂದಲೇ. ಬಕಲ್ ಹಾಕಿಕೊಳ್ಳುತ್ತಿದ್ದಾಗ ಯಾರೋ ಮಾತಾಡಿಸಿದರು, ಮಾತು ಮುಗಿಸಿ ನೇರ ಅಂಚಿಗೆ ಓಡಿ ಹಾರಿದ. ಅವನನ್ನು ಅವುಚಿ ಹಿಡಿಯೋಕೆ ಹಿಂದೆ ಯಾರೂ ಇರಲಿಲ್ಲ. ಅವನ ಶವಪೆಟ್ಟಿಗೆಯ ಮುಂದೆ ನಿಂತು ಅಣ್ಣ ನನ್ನ ಕೈ ಹಿಡಿದು ಮಾತು ಕೊಟ್ಟಿದ್ದ, ಈ ದಿಣ್ಣೆಯಿಂದ ಇನ್ನೊಂದು ಜೀವ ಹೀಗೆ ಹೋಗೋಕೆ ಬಿಡಲ್ಲ ಅಂತ. ಬರೀ ಬಾಯಿಮಾತಲ್ಲ, ಮಾಡಿ ತೋರಿಸಿದ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಂಬದ ಹತ್ತಿರ ಬಾವುಟ ಹಿಡಿದು ನಿಲ್ಲುವ ತಿಬೇರಿಯೊ "ಕಾಲು?" ಅಂತ ಕೂಗುತ್ತಾನೆ. ಪಟ್ಟಿ ಹಾಕಿದವನು ಬಗ್ಗಿ, ಎರಡೂ ಬಕಲನ್ನು ಕೈಯಿಂದ ಎಳೆದು ನೋಡಿ, "ನಾನೇ ಹಾಕಿದೆ, ನಾನೇ ಮುಟ್ಟಿ ನೋಡಿದೆ" ಅಂತ ಕೂಗಬೇಕು. ಆಮೇಲೇ ಓಟ. ನಡುವೆ ಯಾರಾದರೂ ಮಾತಾಡಿಸಿದರೆ ಎಲ್ಲ ಬಿಚ್ಚಿ ಮೊದಲಿಂದ. ಹೊರಗಿನಿಂದ ಬಂದವರು ಇದೇನು ಇಗರ್ಜಿ ಪ್ರಾರ್ಥನೆಯ ಹಾಗೆ ಅಂತ ನಗುತ್ತಾರೆ. ನಗಲಿ ಬಿಡಿ. ಆ ಮಾತು ಹುಟ್ಟಿದ್ದು ನನ್ನ ಗಂಡನ ಸಾವಿನಿಂದ.

ಅವತ್ತೂ ಆ ಮಾತು ಕೇಳಿತ್ತು. ದಿಣ್ಣೆಯ ಹಿಂಬದಿಯಲ್ಲಿ ನನ್ನ ಎಂಪನಾದಾ ಅಂಗಡಿ. ಹೂರಣ ತುಂಬಿ ಮಡಚಿದ ಆ ಕಡುಬುಗಳನ್ನು ಎಣ್ಣೆಗೆ ಬಿಡುತ್ತಿದ್ದ ನನಗೂ ಕೇಳಿತ್ತು. ಅಪ್ಪನ ಸಹಾಯಕ್ಕೆ ದುವಾನ್ ಕೂಡ ಅಲ್ಲಿದ್ದ. ಯಾರು ಕೂಗಿದ್ದು ಅಂತ ದೂರದಿಂದ ಹೇಳೋಕೆ ಆಗುತ್ತಿರಲಿಲ್ಲ, ಯಾಕಂದರೆ ಅಪ್ಪ ಮಗನ ಗಂಟಲು ಒಂದೇ. ಹಿತ್ತಲಿಂದ ಕರೆದರೆ ನಮ್ಮವ್ವನೇ ತಬ್ಬಿಬ್ಬಾಗುತ್ತಾಳೆ. ಕಾಫಿತೋಟಕ್ಕೆ ಎಲ್ಲರಿಗಿಂತ ಮೊದಲು ಓಡಿ ಇಳಿದವನು ದುವಾನ್. ಜನ ಸೇರಿದರು, ಕೂಗಿದವರು ಯಾರು ಅಂತ ತಿಬೇರಿಯೊ ಕೇಳಿದ. ನಾನು ಅಂದ ದುವಾನ್. ಅಣ್ಣ ಆಕೆಯ ಕಾಲು ಹಿಡಿದುಕೊಂಡು ಕೂತಿದ್ದವನು ತಲೆ ಎತ್ತಿದ, ಬಾಯಿ ತೆರೆದ, ಮುಚ್ಚಿದ. ಗಾಬರಿಗೆ ಮಾತು ಹೊರಡುತ್ತಿಲ್ಲ ಅಂದುಕೊಂಡರು ಎಲ್ಲರೂ.

ಆ ಸಂಜೆ ಅರೇಪಾ ಹಾಕಿ ನಾನು ಸುಮ್ಮನಿರಲಿಲ್ಲ.

"ನಿನ್ನ ಮಾವ ಯಾವುದರಿಂದ ಸತ್ತ ಅಂತ ಗೊತ್ತಿತ್ತಲ್ಲ ನಿಂಗೆ? ತಲೆ ಎಲ್ಲಿಟ್ಟಿದ್ದೆ?"

"ತಪ್ಪಾಯ್ತು ಅತ್ತೆ."

"ತಪ್ಪಾಯ್ತು ಅಂದ್ಬಿಟ್ರೆ ಆಯ್ತಾ? ಹಾಕ್ದೆ ಅಂತ ಬೇರೆ ಕೂಗಿದೀಯ. ಸುಳ್ಳು ಹೇಳೋ ಬಾಯಿಗೆ ಊಟ ಬೇರೆ ಕೇಡು."

ಅವನ ಹೆಂಡತಿ ಲೇಯ್ದಿ ಚಮಚ ತಟ್ಟೆಗೆ ಕುಕ್ಕಿದಳು. ದುವಾನ್ ಅವಳ ಮೊಣಕೈ ಒತ್ತಿದ. ಅಣ್ಣ ತನ್ನ ತಟ್ಟೆ ಎತ್ತಿಕೊಂಡು, ಸೆಕೆ ಅಂತ ಹೇಳಿ ಹಿತ್ತಲಿಗೆ ಹೋದ. ನಮ್ಮೂರು ಬೆಟ್ಟದ ಮೇಲಿದೆ, ಸಂಜೆಯಾದರೆ ಕಂಬಳಿ ಬೇಕು. ಅದೂ ನನಗೆ ಹೊಳೆಯಲಿಲ್ಲ ನೋಡಿ.

ಹಾರಿಸುವವರ ಸಂಘ ಸೇರಿ ತೀರ್ಮಾನ ಮಾಡಿತು. ಈ ಹಂಗಾಮು ಮುಗಿಯೋ ತನಕ ದುವಾನ್ ಹಾರಿಸುವ ಹಾಗಿಲ್ಲ. ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ದಿಣ್ಣೆಯ ಮೇಲೆ ನಿಂತು, ಹಾರುವ ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ ಕಾಲುಪಟ್ಟಿ ಎಳೆದು ನೋಡಬೇಕು. ಈ ಶಿಕ್ಷೆ ಗೊತ್ತುಮಾಡಿದ್ದೂ ಅಣ್ಣನೇ, ಓಸಿಯೆಲ್ ಹೋದ ವರ್ಷ. ಇಷ್ಟು ದಿನ ಯಾರೂ ಹಾಕದೆ ಆ ಜಾಕೀಟು ಮಡಿಕೆಯಲ್ಲೇ ಬಿದ್ದಿತ್ತು. ಹೊಸ ಬಟ್ಟೆಯ ವಾಸನೆ ಹೋಗಿರದ ಅದನ್ನು ಸಂಘದ ಅಧ್ಯಕ್ಷ ಅಂತ ಅಣ್ಣನೇ ಮಗನ ಕೈಗೆ ಕೊಟ್ಟ. ಕೊಡುವಾಗ ಬೇರೆ ಕಡೆ ನೋಡುತ್ತಿದ್ದ.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಮಾತು ಕಮ್ಮಿಯಾಯಿತು, ಪಾತ್ರೆ ಸದ್ದು ಜಾಸ್ತಿಯಾಯಿತು. ದುವಾನ್‌ಗೆ ಸಂಪಾದನೆ ಇಲ್ಲ. ಲೇಯ್ದಿ ಬೇಕರಿಯಲ್ಲಿ ಬೆಳಗಿನ ಪಾಳಿಯ ಜೊತೆ ಸಂಜೆಯದನ್ನೂ ಹಿಡಿದಳು, ಬಂದು ಕಾಲು ಬಿಸಿನೀರಿಗಿಟ್ಟು ಕೂತಲ್ಲೇ ತೂಕಡಿಸುತ್ತಿದ್ದಳು. ದಿಣ್ಣೆಯ ಮೇಲೆ ಜೊತೆಯ ಹುಡುಗರು ದುವಾನ್‌ನನ್ನು ಏನಪ್ಪಾ ಕಿತ್ತಳೆಹಣ್ಣು, ಇವತ್ತು ಹುಳಿಯೋ ಸಿಹಿಯೋ ಅಂತ ಕೆಣಕುತ್ತಿದ್ದರು. ನಾನು ಅಂಗಡಿಯಲ್ಲಿ ಎಲ್ಲಾ ಕೇಳಿಸಿಕೊಳ್ಳುತ್ತಿದ್ದೆ, ಒಂದು ದಿನವೂ ಅವನ ಪರ ಬಾಯಿ ಬಿಡಲಿಲ್ಲ. ಉಳಿದವರಿಗೆಲ್ಲ ಬಿಸಿ ಎಂಪನಾದಾ ಕೊಟ್ಟು, ಅವನಿಗೆ ತಣ್ಣಗಾದದ್ದನ್ನು ಕಾಗದದಲ್ಲಿ ಸುತ್ತಿ ಕಟ್ಟೆಯ ಮೇಲಿಟ್ಟು ಬರುತ್ತಿದ್ದೆ. ಈಗ ನೆನೆಸಿಕೊಂಡರೆ ಆ ಕಾಗದದಲ್ಲೇ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ಅಣ್ಣ ಹಾರಿಸುವುದನ್ನು ನಿಲ್ಲಿಸಲಿಲ್ಲ. ಆದರೆ ತಿಬೇರಿಯೊ "ಕಾಲು?" ಅಂದರೆ ಮೊದಲಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ, ಎದುರು ಬೆಟ್ಟದವರಿಗೂ ಕೇಳಬೇಕು ಅನ್ನೋ ಹಾಗೆ. ಮನೆಯಲ್ಲಿ ಮಾತ್ರ ದನಿಯೇ ಇಲ್ಲ. ಮಗ ಕೂತರೆ ಇವನು ಏಳುತ್ತಾನೆ, ಇವನು ಬಂದರೆ ಮಗ ಏಳುತ್ತಾನೆ. ಬೆಲ್ಲ ಜಾಸ್ತಿ ಹಾಕು ಅಂತ ದಿನಾ ಜಗಳ ತೆಗೆಯುತ್ತಿದ್ದವನು ಕಾಫಿಗೆ ಬೆಲ್ಲವೇ ಬೇಡ ಅಂದುಬಿಟ್ಟ. ವಯಸ್ಸಾಯ್ತು, ಸಕ್ಕರೆ ಕಾಯಿಲೆಗೆ ಹೆದರಿರಬೇಕು ಅಂದುಕೊಂಡೆ ನಾನು.

ಒಂದು ಭಾನುವಾರ ಸಾಂಕೋಚೊ ಮಾಡಿದ್ದೆ. ಕೋಳಿ, ಬಾಳೆಕಾಯಿ, ಮರಗೆಣಸು ಎಲ್ಲಾ ಹಾಕಿದ ಸಾರು, ವಾರಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಕೂರುವ ಊಟ. ಅಣ್ಣ ಗಾಳಿಚೀಲ ಹೊಲಿಯೋದಿದೆ ಅಂತ ಹೇಳಿ ಹೋಗಿದ್ದ. ನಾನು ಲೇಯ್ದಿಗೆ ತೊಡೆ ಹಾಕಿ, ಅವ್ವನಿಗೆ ಎದೆಭಾಗ ಬಿಡಿಸಿ ಕೊಟ್ಟು, ದುವಾನ್‌ಗೆ ಕತ್ತಿನ ತುಂಡು ಹಾಕಿದೆ. ಲೇಯ್ದಿ ತನ್ನ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

"ಸಾಕು ಮಾಡಿ ಅತ್ತೆ. ಅವತ್ತು ಕೂಗಿದ್ದು ಇವರಲ್ಲ."

"ಲೇಯ್ದಿ, ಬಾಯ್ಮುಚ್ಚು," ಅಂದ ದುವಾನ್.

"ಮುಚ್ಚಿ ಮುಚ್ಚಿ ಸಾಕಾಗಿದೆ ನಂಗೆ. ಇವರು ಆ ಹೊತ್ತಲ್ಲಿ ರೆಕ್ಕೆ ಬಿಡಿಸ್ತಾ ಹಿಂದೆ ಇದ್ರು ಅತ್ತೆ. ಪಟ್ಟಿ ಹಾಕ್ತಾ ಇದ್ದಿದ್ದು ನಮ್ಮ ಮಾವ, ಇವರಪ್ಪ. ಎದೇದು ಹಾಕಿ ಬಗ್ಗಿದಾರೆ, ಅಷ್ಟರಲ್ಲಿ ಆ ಹೆಂಗಸಿನ ಅಕ್ಕ ಒಂದು ಫೋಟೊ ತೆಗೀತೀನಿ ಅಂತ ನಿಲ್ಸಿದಾಳೆ. ಎದ್ದು ನಿಂತು ನಕ್ಕಿದಾರೆ. ಗಾಳಿ ಚೆನ್ನಾಗಿ ಬಂತು, ತಿಬೇರಿಯೊ ಕೇಳಿದ, ಮಾವ ಕೂಗಿದ್ರು. ಇವರು ಓಡಿಬಂದು ಮುಂದೆ ಹಿಡ್ಕೊಂಡಿದ್ದಷ್ಟೇ."

ನಾನು ದುವಾನ್‌ನ ಮುಖ ನೋಡಿದೆ. ಅವನು ಕತ್ತಿನ ತುಂಡನ್ನೇ ನೋಡುತ್ತಿದ್ದ.

"ಹೌದೇನೋ?"

ಅದನ್ನು ಬೆರಳಿಂದ ತಟ್ಟೆಯ ಅಂಚಿಗೆ ತಳ್ಳಿದ.

"ಮತ್ತೆ ನೀನ್ಯಾಕೋ ತಲೆ ಕೊಟ್ಟೆ? ನಿಮ್ಮಪ್ಪ ಕೇಳಿದ್ನಾ?"

"ಯಾರೂ ಕೇಳ್ಲಿಲ್ಲ. ಅಪ್ಪ ನಿಮ್ಮ ಮುಖ ಹೆಂಗೆ ನೋಡ್ತಾರೆ ಅತ್ತೆ?" ಅಂದ. "ನಾನಾದ್ರೆ ಬೈಸ್ಕೋತೀನಿ, ಆಯ್ತು. ಅವರು ಓಸಿಯೆಲ್ ಮಾವನ ಪೆಟ್ಟಿಗೆ ಮುಂದೆ ನಿಮಗೆ ಮಾತು ಕೊಟ್ಟೋರು."

ಸೌಟು ಕೈಯಲ್ಲೇ ಇತ್ತು, ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಇಷ್ಟು ದಿನ ನಾನು ಕರಕಲು ತಿನ್ನಿಸಿದ್ದು ನನ್ನ ಸಲುವಾಗಿಯೇ ಬಾಯಿ ಮುಚ್ಚಿಕೊಂಡ ಹುಡುಗನಿಗೆ. ಮೈಯೆಲ್ಲ ಬೆಂಕಿಯಾಯಿತು. ಅಣ್ಣನ ಮೇಲಿನ ಸಿಟ್ಟೋ ನನ್ನ ಮೇಲಿನ ನಾಚಿಕೆಯೋ, ಎರಡೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದವು.

ನಮ್ಮವ್ವ ಬೆಲಾರ್ಮಿನಾಗೆ ಕಣ್ಣು ಮಂಜಾಗಿದೆ, ಬುದ್ಧಿ ಮಂಜಾಗಿಲ್ಲ. ಅವಳು ಮೂಳೆ ಚೀಪುತ್ತಲೇ, ನಂಗೆ ಅವತ್ತೇ ಗೊತ್ತಾಗಿತ್ತು ಅಂದಳು. ಹೆಂಗೆ ಅಂತ ಕೇಳಿದರೆ, ಚಿಕ್ಕವನಿದ್ದಾಗ ಏನಾದರೂ ಒಡೆದುಹಾಕಿದರೆ ಎವೇಲಿಯೊ ಮೊದಲು ಬೆಲ್ಲ ಬಿಡುತ್ತಿದ್ದ ಅಂದಳು.

"ಗೊತ್ತಿದ್ದೂ ಈ ಹುಡುಗನ್ನ ನಾನು ಬೈತಾ ಇದ್ರೆ ಕೇಳ್ಕೊಂಡ್ ಕೂತಿದ್ಯಲ್ಲವ್ವ!"

"ನನ್ನ ಮಗ ತಾನಾಗೇ ಹೇಳ್ತಾನೆ ಅಂತ ಕಾಯ್ತಾ ಇದ್ದೆ ಕಣೇ," ಅಂದಳು ಅವ್ವ. "ಹೇಳೋ ಹಂಗೆ ಬೆಳೆಸಿದೀನಿ ಅಂದ್ಕೊಂಡಿದ್ದೆ." ಆಮೇಲೆ ತಟ್ಟೆ ಪಕ್ಕಕ್ಕಿಟ್ಟಳು.

ಯಾರೂ ಅಣ್ಣನಿಗೆ ಏನೂ ಹೇಳಕೂಡದು ಅಂತ ನಾನೇ ಎಲ್ಲರ ಬಾಯಿಗೂ ಬೀಗ ಹಾಕಿದೆ. ಅವನ ಬಾಯಿಂದಲೇ ಬರಲಿ. ಮಾರನೇ ದಿನದಿಂದ ದುವಾನ್‌ಗೆ ಒಳ್ಳೇ ತುಂಡು, ಬಿಸಿ ಅರೇಪಾ. ಅಣ್ಣ ಅದನ್ನು ಗಮನಿಸಿದ. ನನಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಗಿರಬೇಕು, ಇಲ್ಲ ಅನ್ನೋಕೆ ಅವನೇನು ಮಗುವೇ. ಅವನೊಬ್ಬನೇ ಇದ್ದಾಗ ಎದುರು ಕೂತು, ಏನಾದ್ರೂ ಹೇಳೋದಿತ್ತಾ ಅಣ್ಣ ಅಂತ ಕೇಳಿದೆ. ನೀರು ಕುಡಿದ, ಕಾಳಿಗೆ ಉಪ್ಪು ಒಂಚೂರು ಜಾಸ್ತಿ ಅಂದ. ಇನ್ನೊಂದು ದಿನ ಕೇಳಿದೆ. ಹಿತ್ತಲಿನ ನಲ್ಲಿ ಸೋರುತ್ತಿದೆ ಅಂದ. ನಲ್ಲಿ ರಿಪೇರಿಯಾಯಿತು, ಮಾತು ಹೊರಬರಲಿಲ್ಲ. ಇವನೇನಾ ನನ್ನ ಕೈ ಹಿಡಿದು ಮಾತು ಕೊಟ್ಟವನು ಅಂತ ರಾತ್ರಿಯೆಲ್ಲ ಹೊರಳಾಡಿದೆ.

ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ ಹೇಳಿದೆ, ಈ ಶನಿವಾರ ನನ್ನ ಹಾರಿಸು ಅಂತ. ಓಸಿಯೆಲ್ ಹೋದ ಮೇಲೆ ನಾನು ಆ ದಿಣ್ಣೆಯ ಅಂಚಿನ ಕಡೆ ಹೆಜ್ಜೆ ಇಟ್ಟವಳಲ್ಲ. ಅಂಗಡಿಯ ಬಾಗಿಲನ್ನೂ ಆ ಕಡೆಗೆ ಬೆನ್ನು ಮಾಡಿ ಇಡಿಸಿದ್ದೆ. ಅಣ್ಣ ಕುಡಿಯದೆ ಲೋಟ ಕೆಳಗಿಟ್ಟ.

"ನಿಂಗ್ಯಾಕೆ ಈಗ ಇದೆಲ್ಲ?"

"ಯಾಕೆ, ನಾನು ಭಾರ ಆಗ್ತೀನಾ?"

"ದುವಾನ್‌ಗೆ ಹಂಗಾಮು ಮುಗೀಲಿ, ಅವನ ಜೊತೆ ಹೋಗುವಂತೆ."

"ನೀನು ನನ್ನ ಅಣ್ಣ. ನಿನ್ನ ಜೊತೇನೇ ಹೋಗೋದು."

ಶನಿವಾರ ದಿಣ್ಣೆ ತುಂಬಿತ್ತು. ಕಣಿವೆಯ ಕಡೆಯಿಂದ ಗಾಳಿ ಹದವಾಗಿ ಬರುತ್ತಿತ್ತು, ಅದು ತಿರುಗಿ ಬೆನ್ನ ಹಿಂದಿನಿಂದ ಬೀಸೋಕೆ ಮೊದಲು ಹಾರಬೇಕು ಅಂತ ಎಲ್ಲರಿಗೂ ಅವಸರ. ಎವೇಲಿಯೊನ ತಂಗಿ ನಿದಿಯಾ ಹಾರುತ್ತಾಳಂತೆ ಅನ್ನೋ ಸುದ್ದಿಗೆ ನನ್ನ ಅಂಗಡಿಯ ಸಾಲೆಲ್ಲ ಅಂಚಿಗೆ ಬಂದು ನಿಂತಿತ್ತು. ಅವ್ವನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದಳು ಲೇಯ್ದಿ. ಅಣ್ಣ ನನ್ನ ಹೆಲ್ಮೆಟ್ ಬಿಗಿದ, ಎದೆಪಟ್ಟಿ ಹಾಕಿದ. ಬಗ್ಗಿ ಎಡಗಾಲಿನದು ಹಾಕಿದ, ಬಲಗಾಲಿನದು ಹಾಕಿದ. ಎಳೆದು ನೋಡಿದ. ಮತ್ತೆ ಎಳೆದ. ಕಿತ್ತಳೆ ಜಾಕೀಟಿನ ದುವಾನ್ ಬಂದು ಮಂಡಿಯೂರಿ ತಾನೂ ಎಳೆದು ನೋಡಿದ, ಸರಿಯಿದೆ ಅಂತ ತಿಬೇರಿಯೊಗೆ ಕೈ ಮಾಡಿದ.

"ಕಾಲು?" ಅಂತ ಕೂಗಿದ ತಿಬೇರಿಯೊ.

ಅಣ್ಣ ನನ್ನ ಬೆನ್ನಿಗೆ ನಿಂತಿದ್ದ. ಉಸಿರು ಎಳೆದುಕೊಂಡದ್ದು ಕೇಳಿತು, ಕೂಗು ಬರಲಿಲ್ಲ.

"ಕಾಲು, ಎವೇಲಿಯೊ?"

ನಾನು ಕತ್ತು ತಿರುಗಿಸಿ ಮೆಲ್ಲಗೆ ಹೇಳಿದೆ, "ಕೂಗು ಅಣ್ಣ. ಇವತ್ತು ನಿಜವಾಗ್ಲೂ ಹಾಕಿದೀಯಲ್ಲ."

ನನ್ನ ಹೆಗಲ ಮೇಲೆ ಅವನ ಹಣೆ ಬಂದು ಕೂತಿತು. ಹಿಂದೆ ರೆಕ್ಕೆಯ ಬಟ್ಟೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಆಮೇಲೆ ಅವನು ತಲೆ ಎತ್ತಿದ. ದಿನಾ ಕೂಗುವ ಗಂಟಲಲ್ಲ ಅದು, ಆದರೂ ಎಲ್ಲರಿಗೂ ಕೇಳಿತು.

"ಅವತ್ತು ನಾನು ಹಾಕಿರ್ಲಿಲ್ಲ. ಮುಟ್ಟಿ ನೋಡ್ಲಿಲ್ಲ. ಹಾಕ್ದೆ ಅಂತ ಕೂಗ್ದೋನು ನಾನು, ದುವಾನ್ ಅಲ್ಲ."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಅವನ ಹತ್ತಿರವೇ ಕಲಿತ ಹುಡುಗರು ನೆಲ ನೋಡಿಕೊಂಡು ನಿಂತರು. ತಿಬೇರಿಯೊ ಕೈಯಲ್ಲಿದ್ದ ಬಾವುಟ ಇಳಿಸಿ, ಇವತ್ತಿಗೆ ನೀನು ಹಾರಿಸೋದು ಬೇಡಪ್ಪ ಅಂದ. ಅಣ್ಣ ನನ್ನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದ, ರೆಕ್ಕೆ ಸುತ್ತಿಟ್ಟ. ನೆಟ್ಟಗೆ ಮಗನ ಹತ್ತಿರ ಹೋಗಿ ಕೈ ಚಾಚಿದ. ದುವಾನ್ ಬೇಡಪ್ಪ ಅಂತ ಹಿಂದೆ ಸರಿದ. ಅಣ್ಣ ತಾನೇ ಜಾಕೀಟಿನ ಜಿಪ್ಪು ಎಳೆದು, ಅವನ ತೋಳಿಂದ ಬಿಡಿಸಿ ಹಾಕಿಕೊಂಡ. ಮಗನ ಮೈಗೆ ಸರಿಹೋಗಿದ್ದು ಅಣ್ಣನ ಹೊಟ್ಟೆಗೆ ಸಾಲಲಿಲ್ಲ, ಜಿಪ್ಪು ಕೂಡಲಿಲ್ಲ. ಹಾಗೇ ಮುಂದಿನವರ ಕಾಲಿನ ಹತ್ತಿರ ಮಂಡಿಯೂರಿದ.

ಗೆದ್ದೆ ಅನ್ನಿಸಬೇಕಿತ್ತು ನನಗೆ. ಅಂಗಡಿಗೆ ವಾಪಸು ಬಂದು ಎಣ್ಣೆ ಕಾಯಿಸಿದೆ, ಒಂದು ಎಂಪನಾದಾ ಕೂಡ ನೆಟ್ಟಗೆ ಮಡಚೋಕೆ ಬರಲಿಲ್ಲ.

ಆ ಸಂಜೆ ಅಣ್ಣ ಬಾಗಿಲ ಹತ್ತಿರವೇ ನಿಂತಿದ್ದ, ನೆಂಟರ ಮನೆಗೆ ಹೇಳದೆ ಬಂದವನ ಹಾಗೆ. ಪೆರೇರಾದ ಆ ಹೆಂಗಸಿಗೆ ಫೋನು ಮಾಡಿ ಹೇಳಿದ್ದನಂತೆ. ಆಕೆ ಪೂರ್ತಿ ಕೇಳಿಸಿಕೊಂಡು ಫೋನು ಇಟ್ಟುಬಿಟ್ಟಳಂತೆ.

"ಮೂರು ವಾರದ ಮೇಲಾಯ್ತು," ಅಂದಳು ಲೇಯ್ದಿ. ಅವಳ ಸಿಟ್ಟು ಇಳಿದಿರಲಿಲ್ಲ, ಇಳಿಯಬೇಕಾಗೂ ಇರಲಿಲ್ಲ. "ನಿಮ್ಮ ಮಗ ಎಲ್ಲರ ಕಾಲ ಹತ್ರ ಕೂತ್ಕೊಂಡಿದ್ದಾಗ ನೀವು ದಿನಾ ನೋಡ್ತಿದ್ರಿ ಮಾವ."

"ನೋಡ್ತಿದ್ದೆ ಕಣಮ್ಮ," ಅಂದ ಅಣ್ಣ. "ಇವತ್ತು ಹೇಳಣ, ನಾಳೆ ಹೇಳಣ ಅಂತ ದಿನಾ ಮೇಲೆ ಹತ್ತುತಿದ್ದೆ. ಇವಳ ಅಂಗಡಿ ಕಂಡ್ರೆ ನಾಲಿಗೆ ಸತ್ತೋಗದು."

ಅವ್ವ ಕುರ್ಚಿಯನ್ನು ಕಾಲಿಂದ ಅವನ ಕಡೆ ತಳ್ಳಿ, ಕೂತ್ಕೋ, ಊಟ ಆರೋಗತ್ತೆ ಅಂದಳು. ಕೂತ. ನಾನು ಅವನಿಗೆ ಬಡಿಸಿದೆ, ಮುಖ ನೋಡಲಿಲ್ಲ. ಕ್ಷಮಿಸೋದು ಅಂದರೆ ನಲ್ಲಿ ತಿರುಗಿಸಿದ ಹಾಗಲ್ಲ. ಆಮೇಲೆ ದುವಾನ್‌ನ ತಟ್ಟೆಯ ಹತ್ತಿರ ನಿಂತು, ಎಲ್ಲರೆದುರಿಗೇ ಹೇಳಿದೆ, ಬೈದಿದ್ದೂ ಎಲ್ಲರೆದುರಿಗೇ ತಾನೇ.

"ತಪ್ಪಾಯ್ತು ಕಣೋ ಮಗನೇ."

"ಬಿಡಿ ಅತ್ತೆ," ಅಂದ ಅವನು, ತಟ್ಟೆಯಲ್ಲಿದ್ದ ಅರೇಪಾ ತಿರುಗಿಸಿ ನೋಡುತ್ತಾ. "ಸೀದಿರೋದೇ ರೂಢಿ ಆಗೋಗಿದೆ. ಇದು ಸಪ್ಪೆ ಅನ್ಸುತ್ತೆ." ಲೇಯ್ದಿಗೆ ನಗು ಬಂತು, ತಡೆದುಕೊಂಡಳು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

ಅಣ್ಣ ಸಂಘದ ಅಧ್ಯಕ್ಷಗಿರಿ ಬಿಟ್ಟ. ಜಾಕೀಟು ಬಿಡಲಿಲ್ಲ. ಮಗನಿಗೆ ಹಾಕಿದ್ದಷ್ಟೇ ಶಿಕ್ಷೆ ಸಾಕು ಅಂತ ತಿಬೇರಿಯೊ ಹೇಳಿದರೂ, ಇನ್ನೊಂದು ಹಂಗಾಮು ಸೇರಿಸಿ ಬರೆದುಕೋ ಅಂದನಂತೆ. ಅವನ ಕೈಯಲ್ಲಿ ಹಾರೋದು ಕಲಿತವರು ಈಗ ಅವನ ಮುಂದೆ ಕಾಲು ಚಾಚಿ ನಿಲ್ಲೋಕೆ ನಾಚುತ್ತಾರೆ. ಕೆಲವರು ಕಿತ್ತಳೆಹಣ್ಣು ಅಂತ ಅವನನ್ನೂ ಕರೆಯುತ್ತಾರೆ, ಮೆಲ್ಲಗೆ. ಕೇಳಿಸುತ್ತದೆ, ಕೇಳಿಸದವನ ಹಾಗೆ ಬಕಲ್ ಎಳೆಯುತ್ತಾನೆ. ಕಾಫಿಗೆ ಬೆಲ್ಲ ಮಾತ್ರ ಇನ್ನೂ ಹಾಕಿಸಿಕೊಂಡಿಲ್ಲ.

ಮಳೆ ಶುರುವಾಗೋಕೆ ಮುಂಚೆ ಒಂದು ಬೆಳಿಗ್ಗೆ ದುವಾನ್‌ನ ಜೊತೆ ದಿಣ್ಣೆಯ ಅಂಚಿಗೆ ಹೋದೆ. ಈ ಸಲ ಯಾರಿಗೂ ಪಾಠ ಕಲಿಸೋಕಲ್ಲ. ಓಸಿಯೆಲ್ ಕೊನೆಯದಾಗಿ ಕಂಡದ್ದು ಏನು ಅಂತ ಒಂದು ಸಲ ನೋಡಬೇಕು ಅನ್ನಿಸಿತ್ತು. ದುವಾನ್ ಮಾತಿಲ್ಲದೆ ಒಂದೊಂದೇ ಪಟ್ಟಿ ಹಾಕಿದ. ಅಣ್ಣ ಬಂದು ನನ್ನ ಮುಂದೆ ಮಂಡಿಯೂರಿದ, ಮಂಡಿ ಲಟಕ್ಕೆಂದಿತು. ಎಡಗಾಲಿನದು ಎಳೆದು ನೋಡಿದ, ಬಲಗಾಲಿನದು ಎಳೆದು ನೋಡಿದ.

"ಕಾಲು?" ಅಂದ ತಿಬೇರಿಯೊ.

"ನಾನೇ ಹಾಕಿದೆ, ನಾನೇ ಮುಟ್ಟಿ ನೋಡಿದೆ," ಅಂತ ಕೂಗಿದ ದುವಾನ್, ಥೇಟ್ ಅವರಪ್ಪನ ಗಂಟಲು.

ಬಾವುಟ ಎದ್ದಿತು. ಕಣಿವೆಯ ಗಾಳಿ ಮುಖಕ್ಕೆ ಬಂತು, ಬೆನ್ನ ಹಿಂದೆ ರೆಕ್ಕೆ ತುಂಬಿಕೊಳ್ಳೋಕೆ ಕಾಯುತ್ತಿತ್ತು. ಅಣ್ಣ ಮಾತ್ರ ಎದ್ದಿರಲಿಲ್ಲ. ತಲೆ ಬಗ್ಗಿಸಿಕೊಂಡು ನನ್ನ ಎರಡೂ ಬಕಲ್ ಹಿಡಿದೇ ಇದ್ದ, ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ. ಅವನ ನರೆತ ನೆತ್ತಿ ಕಾಣುತ್ತಿತ್ತು.

"ಬಿಡು ಅಣ್ಣ," ಅಂದೆ. "ಓಡ್ಬೇಕು ನಾವು."

ಬಿಟ್ಟ.